ಎದ್ದು ಹೋಗಬಲ್ಲವನ ವ್ಯಾಪಾರ

ಮೈನ್‌ಕ್ರಾಫ್ಟ್ ಆಟದ ಹಳ್ಳಿಯಲ್ಲಿ ಹುಲ್ಲಿನ ಟೊಪ್ಪಿಗೆ ಹಾಕಿಕೊಂಡ ಒಬ್ಬ ರೈತನಿರುತ್ತಾನೆ. 20 ಗೋಧಿ ಕೊಟ್ಟರೆ ಅವನು ಒಂದು ಪಚ್ಚೆ ಕಲ್ಲು ಕೊಡುತ್ತಾನೆ. ಅದೇ ಪಚ್ಚೆಯನ್ನು ಮರಳಿ ಅವನ ಕೈಗಿಟ್ಟರೆ 6 ಬ್ರೆಡ್ ಸಿಗುತ್ತವೆ. ಆಟದ ನಿಯಮದಲ್ಲಿ ಒಂದು ಬ್ರೆಡ್‌ಗೆ 3 ಗೋಧಿ ಬೇಕು, ಆರಕ್ಕೆ 18. ಕೊಟ್ಟದ್ದು 20, ಬಂದದ್ದು 18. ಉಳಿದ 2 ಗೋಧಿ ಅವನ ಲಾಭ, ನೂರಕ್ಕೆ ಹತ್ತು. ಇಷ್ಟು ಕಡಿಮೆ ಲಾಭಕ್ಕೆ ಕೂತ ವ್ಯಾಪಾರಿಯನ್ನು ಕಲಬುರಗಿಯ ಗಂಜ್ ಮಾರುಕಟ್ಟೆಯಲ್ಲಿ ಹುಡುಕಿದರೆ ಸಿಗುವುದು ಕಷ್ಟ. ಹಾಗಾದರೆ ಈ ಆಟದ ವ್ಯಾಪಾರ ನ್ಯಾಯದ್ದೇ? ಲಾಭದ ಪ್ರಮಾಣ ನೋಡಿ ಉತ್ತರ ಹೇಳುವವರು ಹೌದು ಎನ್ನುತ್ತಾರೆ. ನನಗೆ ಹಾಗೆನ್ನಿಸುವುದಿಲ್ಲ. ವ್ಯಾಪಾರ ನ್ಯಾಯದ್ದೋ ಅನ್ಯಾಯದ್ದೋ ಎಂಬುದು ಬೆಲೆಗಿಂತ ಮೊದಲೇ ತೀರ್ಮಾನವಾಗಿರುತ್ತದೆ. ಇಬ್ಬರಲ್ಲಿ ಯಾರು ಎದ್ದು ಹೋಗಬಲ್ಲರು, ಯಾರು ಹೋಗಲಾರರು ಎಂಬುದರಲ್ಲಿ.

ಈ ಆಟಕ್ಕೆ ಹಳ್ಳಿಗರೊಂದಿಗಿನ ವ್ಯಾಪಾರ ಬಂದದ್ದು 2012ರಲ್ಲಿ. 2019ರಲ್ಲಿ ಅದನ್ನು ಬುಡದಿಂದ ಬದಲಿಸಿದರು. ಈಗ ಹೆಚ್ಚಿನ ಹಳ್ಳಿಗರಿಗೆ ಒಂದೊಂದು ಕಸುಬು, ಪ್ರತಿ ಕಸುಬಿಗೂ ಒಂದು ಸಾಮಾನು. ಗೊಬ್ಬರದ ಪೆಟ್ಟಿಗೆಯ ಪಕ್ಕ ನಿಂತವನು ರೈತ, ಓದುವ ಪೀಠದ ಮುಂದೆ ನಿಂತವನು ಪುಸ್ತಕ ಮಾರುವವ, ಕಲ್ಲು ಕೊಯ್ಯುವ ಯಂತ್ರದ ಮುಂದೆ ನಿಂತವನು ಕಲ್ಲುಕುಟಿಗ. ಆ ಕಲ್ಲುಕುಟಿಗ 20 ಕಲ್ಲಿಗೆ ಒಂದು ಪಚ್ಚೆ ಕೊಡುತ್ತಾನೆ. ಪರಸಿ ಕಲ್ಲಿನ ಖಣಿಗಳ ನಡುವೆ ಬೆಳೆದ ಶಹಾಬಾದಿನ ಹುಡುಗನಿಗೆ ಈ ದರ ನೋಡಿ ನಗು ಬಂದರೆ ಆಶ್ಚರ್ಯವಿಲ್ಲ. ಹಳ್ಳಿಗನ ಜೊತೆ ಇನ್ನೂ ಒಂದು ವ್ಯವಹಾರವೂ ನಡೆಯದಿದ್ದರೆ, ಅವನ ಸಾಮಾನನ್ನು ಒಡೆದು ಬೇರೊಂದು ಇಟ್ಟು ಕಸುಬು ಬದಲಿಸಬಹುದು. ಒಂದು ಸಲ ಕೊಟ್ಟು ತೆಗೆದುಕೊಂಡರೆ ಮುಗಿಯಿತು, ಸಾಯುವವರೆಗೂ ಅವನಿಗೆ ಅದೇ ಕಸುಬು. ನಮ್ಮಲ್ಲಿ ಕಸುಬು ಹುಟ್ಟಿನಿಂದ ಅಂಟುತ್ತಿತ್ತು, ಆಟದಲ್ಲಿ ಮೊದಲ ಗಿರಾಕಿಯಿಂದ ಅಂಟುತ್ತದೆ. ಪ್ರಗತಿ ಎನ್ನಬೇಕೋ ಏನೋ.

ನುರಿತ ಆಟಗಾರರು ಇಷ್ಟಕ್ಕೇ ನಿಲ್ಲುವುದಿಲ್ಲ. ಹಳ್ಳಿಗರನ್ನು ದೋಣಿಯಲ್ಲೋ ಗಣಿಯ ಬಂಡಿಯಲ್ಲೋ ಹೊತ್ತು ತಂದು, ಸಾಲಾಗಿ ಕಟ್ಟಿದ ಗೂಡುಗಳಲ್ಲಿ ಒಬ್ಬೊಬ್ಬರನ್ನೇ ನಿಲ್ಲಿಸುತ್ತಾರೆ. ಮುಂದೆ ಅವರ ಕಸುಬಿನ ಸಾಮಾನು, ಹಿಂದೆ ಗೋಡೆ, ನಡುವೆ ಹೆಜ್ಜೆ ತೆಗೆಯಲು ಜಾಗವಿಲ್ಲ. ಇದಕ್ಕೆ ‘ಟ್ರೇಡಿಂಗ್ ಹಾಲ್’ ಎಂಬ ಗೌರವದ ಹೆಸರಿದೆ. ಇನ್ನೂ ಮುಂದೆ ಹೋದವರು ಬೇಕೆಂದೇ ಹಳ್ಳಿಗನ ಮೇಲೆ ಜಾಂಬಿಯನ್ನು ಬಿಡುತ್ತಾರೆ. ಅವನೂ ಜಾಂಬಿಯಾದ ಮೇಲೆ ಔಷಧಿ ಎರಚಿ, ಚಿನ್ನದ ಸೇಬು ತಿನ್ನಿಸಿ ಮತ್ತೆ ಮನುಷ್ಯನನ್ನಾಗಿ ಮಾಡುತ್ತಾರೆ. ಬದುಕಿಸಿದ್ದಕ್ಕೆ ಅವನು ಭಾರಿ ರಿಯಾಯಿತಿ ಕೊಡುತ್ತಾನೆ. ರೋಗ ಹಚ್ಚಿದವನೇ ವೈದ್ಯನಾಗಿ ಬಂದು ಕೃತಜ್ಞತೆಯ ಬಡ್ಡಿ ವಸೂಲಿ ಮಾಡುವ ಈ ಉಪಾಯವನ್ನು ಮತ್ತೆ ಮತ್ತೆ ಮಾಡಿ ಬೆಲೆಯನ್ನು ಒಂದು ಪಚ್ಚೆಗೆ ಇಳಿಸಿಕೊಳ್ಳುವುದು ರೂಢಿಯಾಗಿತ್ತು. 2023ರಲ್ಲಿ ಕಂಪನಿ ಆ ರಿಯಾಯಿತಿ ಮೊದಲ ಸಲಕ್ಕೆ ಮಾತ್ರ ಎಂದು ನಿಯಮ ಬದಲಿಸಿತು. ಆಟ ಅತಿ ಸುಲಭವಾಗಬಾರದೆಂಬ ಕಾಳಜಿಯೇ ಅದಕ್ಕೆ ಕಾರಣ. ಹಳ್ಳಿಗನ ಮೇಲಿನ ಕನಿಕರವಲ್ಲ.

ಇಷ್ಟಕ್ಕೆ ಯಾರೂ ಮಕ್ಕಳನ್ನು ಕ್ರೂರಿಗಳೆಂದು ಕರೆಯಬೇಕಿಲ್ಲ. ಪರದೆಯ ಮೇಲಿನ ಚೌಕಗಳಿಗೆ ನೋವಾಗುವುದಿಲ್ಲ, ಮಕ್ಕಳಿಗೆ ಅದು ಚೆನ್ನಾಗಿ ಗೊತ್ತು. ನನ್ನ ಕುತೂಹಲ ಬೇರೆ. ಲಕ್ಷಾಂತರ ಆಟಗಾರರು, ಯಾರೂ ಪಾಠ ಹೇಳದೆ, ತಮ್ಮಷ್ಟಕ್ಕೆ ತಾವೇ ಒಂದೇ ತಂತ್ರಕ್ಕೆ ಬಂದು ಮುಟ್ಟಿದರು: ಎದುರಿನವನು ಕದಲದಂತೆ ಮಾಡು, ಬೆಲೆ ತಾನಾಗಿಯೇ ಇಳಿಯುತ್ತದೆ. ಅರ್ಥಶಾಸ್ತ್ರದ ಪುಸ್ತಕಗಳು ಬೇಡಿಕೆ, ಪೂರೈಕೆ ಎಂದು ಶುರುಮಾಡುತ್ತವೆ. ಅದೂ ಆಟದಲ್ಲಿದೆ. ಒಂದೇ ಸರಕನ್ನು ಹಳ್ಳಿಗನ ಮಿತಿ ಮುಗಿಯುವವರೆಗೆ ಮಾರುತ್ತಾ ಹೋದರೆ, ಮುಂದೆ ಅದೇ ಪಚ್ಚೆಗೆ ಅವನು ಹೆಚ್ಚು ಗೋಧಿ ಕೇಳತೊಡಗುತ್ತಾನೆ. ಕೆಲಕಾಲ ಬಿಟ್ಟರೆ ದರ ಮೊದಲಿನಂತಾಗುತ್ತದೆ. ಆದರೆ ಹುಡುಗರು ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ಗೋಡೆ ಕಟ್ಟುವುದು ಅದಕ್ಕಿಂತ ಲಾಭದ್ದು ಎಂದು ಅವರಿಗೆ ಬೇಗ ತಿಳಿಯಿತು.

ಈಗ ಆಟ ಬಿಟ್ಟು ಕಲಬುರಗಿ ಜಿಲ್ಲೆಯ ಗುಂಡಗುರ್ತಿ ಎಂಬ ಊರಿಗೆ ಬರೋಣ. ಸೇಡಂ, ಚಿತ್ತಾಪುರ, ಚಿಂಚೋಳಿ ಸೀಮೆಯ ಯಾವ ಊರನ್ನು ತೆಗೆದುಕೊಂಡರೂ ಈ ಮಾತು ಸಲ್ಲುತ್ತದೆ. ಇಲ್ಲಿನದು ತೊಗರಿಯ ನೆಲ. ಮುಂಗಾರಿಗೆ ಬಿತ್ತಿ, ಡಿಸೆಂಬರ್ ಜನವರಿಯಲ್ಲಿ ರಾಶಿ. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮನ್ನಣೆಯೂ ಸಿಕ್ಕಿದೆ. ಆಟದ ಹಳ್ಳಿಗನ ಸರಕು ಮುಗಿದರೆ ದಿನಕ್ಕೆ ಎರಡು ಸಲ ಮತ್ತೆ ತುಂಬಿಕೊಳ್ಳುತ್ತದೆ. ಇಲ್ಲಿ ತುಂಬುವುದು ವರ್ಷಕ್ಕೆ ಒಂದೇ ಸಲ, ಅದೂ ನೆಟೆ ರೋಗ ಬಿಟ್ಟರೆ. ಎಲ್ಲರ ರಾಶಿಯೂ ಒಂದೇ ತಿಂಗಳಲ್ಲಿ ಗಂಜಿಗೆ ಬರುತ್ತದೆ. ಆ ತಿಂಗಳು ದರ ಬೀಳುತ್ತದೆಂದು ಮಾರುವವನಿಗೂ ಗೊತ್ತು, ಕೊಳ್ಳುವವನಿಗೂ ಗೊತ್ತು. ಗೊತ್ತಿದ್ದೂ ಯಾಕೆ ಮಾರುತ್ತಾನೆ?

ಪಟ್ಟಣದಲ್ಲಿ ಕೂತು ಲೇಖನ ಬರೆಯುವವರು ಇದಕ್ಕೆ ರೈತನ ತಿಳಿವಳಿಕೆಯ ಕೊರತೆ ಎಂಬ ಉತ್ತರ ಕೊಡುತ್ತಾರೆ. ಮೊಬೈಲಿನಲ್ಲಿ ದಿನದ ದರ ನೋಡಿದರೆ ಸಾಕು ಎಂಬ ಸಲಹೆಯನ್ನೂ ಸೇರಿಸುತ್ತಾರೆ. ದರ ನೋಡಿ ಏನು ಮಾಡುವುದು? ಜೂನ್‌ನಲ್ಲಿ ಬೀಜ ಗೊಬ್ಬರವನ್ನು ಉದ್ರಿ ತಂದಿದ್ದಾನೆ. ಆ ಉದ್ರಿ ಕೊಟ್ಟವನೋ ಅವನ ಸಂಬಂಧಿಯೋ ಅಡತಿ ಅಂಗಡಿ ಇಟ್ಟಿರುತ್ತಾನೆ. ಸಾಲದ ಕಾಗದದಲ್ಲಿ ‘ರಾಶಿ ನನಗೇ ಕೊಡಬೇಕು’ ಎಂದು ಬರೆದಿರುವುದಿಲ್ಲ, ಬರೆಯುವ ಅಗತ್ಯವೂ ಇಲ್ಲ. ಜನವರಿಯಲ್ಲಿ ಬಾಕಿ ತೀರಿಸಬೇಕು, ಮಗಳ ಮದುವೆಯೋ ಮಗನ ಹಾಸ್ಟೆಲ್ ಫೀಜೋ ಬಂದಿರುತ್ತದೆ, ಚೀಲ ಇಟ್ಟುಕೊಳ್ಳಲು ಮನೆಯಲ್ಲಿ ಜಾಗವಿಲ್ಲ. ಅವನ ಸುತ್ತ ಯಾರೂ ಗೋಡೆ ಕಟ್ಟಿಲ್ಲ. ಆದರೂ ಅವನು ಕದಲಲಾರ. ಆಟದಲ್ಲಿ ಉದ್ರಿ ಎಂಬುದೇ ಇಲ್ಲ. ಪಚ್ಚೆ ಇಟ್ಟರೆ ಸರಕು, ಇಲ್ಲದಿದ್ದರೆ ಇಲ್ಲ. ಆಟವನ್ನು ಮಾಡಿದ ಜಾಣರು ಹಳ್ಳಿಯ ವ್ಯಾಪಾರದ ಅರ್ಧ ಭಾಗವನ್ನೇ ಬಿಟ್ಟುಬಿಟ್ಟಿದ್ದಾರೆ.

2015ರಿಂದ 2017ರವರೆಗಿನ ಎರಡು ಹಂಗಾಮು ಇಲ್ಲಿಯವರಿಗೆ ಮರೆಯುವಂಥದ್ದಲ್ಲ. 2015ರಲ್ಲಿ ಬರ ಬಿದ್ದು ಬೇಳೆ ಅಂಗಡಿಯಲ್ಲಿ ಕಿಲೋಗೆ 200 ರೂಪಾಯಿಯ ಹತ್ತಿರ ಹೋಯಿತು. ಆ ದರ ನೋಡಿ ಮರುವರ್ಷ ಎಲ್ಲರೂ ತೊಗರಿಯನ್ನೇ ಬಿತ್ತಿದರು, ಮಳೆಯೂ ಆಯಿತು, ಸರ್ಕಾರ ಅಷ್ಟರಲ್ಲಿ ಮೊಜಾಂಬಿಕ್ ದೇಶದಿಂದ ಬೇಳೆಕಾಳು ತರಿಸುವ ಒಪ್ಪಂದವನ್ನೂ ಮಾಡಿಕೊಂಡಿತ್ತು. 2017ರ ಆರಂಭದಲ್ಲಿ ತೊಗರಿಯ ದರ ಕ್ವಿಂಟಲಿಗೆ 5,050 ರೂಪಾಯಿಯ ಬೆಂಬಲ ಬೆಲೆಗಿಂತಲೂ ಕೆಳಗೆ ಇಳಿಯಿತು. ಖರೀದಿ ಕೇಂದ್ರಗಳ ಮುಂದೆ ಟ್ರ್ಯಾಕ್ಟರುಗಳ ಸಾಲು. ಕೇಂದ್ರದ ಸರದಿಗೆ ಕಾಯಲು ತಾಳ್ಮೆಯಿದ್ದವನಿಗೆ, ಸರಿಯಾಗಿ ಹೇಳಬೇಕೆಂದರೆ ಕಾಯಲು ದುಡ್ಡಿದ್ದವನಿಗೆ, ಬೆಂಬಲ ಬೆಲೆ ಸಿಕ್ಕಿತು. ಇಲ್ಲದವನು ಹೊರಗೆ ಮಾರಿದ. 2025-26ಕ್ಕೆ ಬೆಂಬಲ ಬೆಲೆ 8,000 ರೂಪಾಯಿಗೆ ಏರಿತು. ಅಂಕಿ ದೊಡ್ಡದಾಗಿದೆ, ಆದರೆ ಕಾಯಬಲ್ಲವನಿಗೂ ಕಾಯಲಾರದವನಿಗೂ ನಡುವಿನ ದೂರ ಅಂಕಿ ದೊಡ್ಡದಾದ ಮಾತ್ರಕ್ಕೆ ಕಡಿಮೆಯಾಗುವುದಿಲ್ಲ.

ವ್ಯಾಪಾರಿಯನ್ನು ಖಳನಾಯಕನನ್ನಾಗಿ ಮಾಡುವುದು ಸುಲಭ, ಆದ್ದರಿಂದ ಅನುಮಾನಾಸ್ಪದ. ಬ್ಯಾಂಕು ಬಾಗಿಲು ಮುಚ್ಚಿದ ದಿನ ಬೀಜಕ್ಕೆ ಹಣ ಕೊಟ್ಟವನು ಅವನೇ. ಮಳೆ ಕೈಕೊಟ್ಟರೆ ಅವನ ಬಾಕಿಯೂ ಮುಳುಗುತ್ತದೆ. ಕೊಂಡ ಮಾಲು ಗೋದಾಮಿನಲ್ಲಿ ಹುಳ ಹಿಡಿಯಬಹುದು, ವಿದೇಶದ ಹಡಗು ಬಂದು ದರ ಬೀಳಬಹುದು. ಅವನು ಅಪಾಯ ಹೊರುತ್ತಾನೆ, ಅದಕ್ಕೆ ಕೂಲಿ ಪಡೆಯುವುದು ತಪ್ಪಲ್ಲ. ತಕರಾರು ಇರುವುದು ಅವನ ಲಾಭದ ಬಗ್ಗೆ ಅಲ್ಲವೇ ಅಲ್ಲ. ಎದುರಿನವನಿಗೆ ‘ಇವತ್ತು ಬೇಡ’ ಎನ್ನುವ ಹಕ್ಕು ಉಳಿದಿದೆಯೇ ಎಂಬುದರ ಬಗ್ಗೆ. ಆ ಹಕ್ಕಿದ್ದಾಗ ವ್ಯಾಪಾರಿಗಳಿಗೆ ಎಂಥ ಮರ್ಯಾದೆ ಸಿಗುತ್ತದೆ ಎಂಬುದಕ್ಕೆ ಈ ಸೀಮೆಯಲ್ಲೇ ಹಳೆಯ ಸಾಕ್ಷಿಯಿದೆ. ಸೇಡಂ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿದ್ದ ಕಾಲದಲ್ಲಿ, 851ರ ಸುಮಾರಿಗೆ, ಅರಬ್ ವ್ಯಾಪಾರಿ ಸುಲೈಮಾನನ ಹೆಸರಿನಲ್ಲಿ ಬಂದ ವೃತ್ತಾಂತ ಇಲ್ಲಿನ ದೊರೆಯನ್ನು ಬಲ್ಹರಾ ಎಂದು ಕರೆದು, ಲೋಕದ ನಾಲ್ಕು ದೊಡ್ಡ ದೊರೆಗಳಲ್ಲಿ ಒಬ್ಬನೆಂದು ಎಣಿಸುತ್ತದೆ. ಅರಬರ ಮೇಲೆ ಅವನಿಗೆ ಬಹಳ ಪ್ರೀತಿ ಎಂದು ಅರಬ್ ಬರಹಗಾರರು ಹೊಗಳುತ್ತಾರೆ. ದೊರೆಯ ಉದಾರತೆಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಅರಬರ ಹಡಗಿಗೆ ಬೇರೆ ಬಂದರುಗಳಿದ್ದವು. ಹಾಯಿ ತಿರುಗಿಸಬಲ್ಲ ಗಿರಾಕಿಯನ್ನು ಯಾವ ದೊರೆಯಾದರೂ ಪ್ರೀತಿಸುತ್ತಾನೆ.

ಎದ್ದು ಹೋಗುವ ಶಕ್ತಿಯೊಂದೇ ಸಾಕೇ? ಇಲ್ಲಿ ನನ್ನ ವಾದ ಸ್ವಲ್ಪ ಎಡವುತ್ತದೆ, ಎಡವಿದರೂ ಹೇಳಬೇಕು. ಆಟದಲ್ಲಿ ಎರಡು ಲಾಮಾಗಳನ್ನು ಹಗ್ಗ ಕಟ್ಟಿ ಎಳೆದುಕೊಂಡು ಅಲೆಯುವ ವ್ಯಾಪಾರಿಯೊಬ್ಬ ಬರುತ್ತಾನೆ. ಅವನನ್ನು ಯಾವ ಪೀಠಕ್ಕೂ ಕಟ್ಟಲಾಗದು, ಸ್ವಲ್ಪ ಹೊತ್ತು ಇದ್ದು ಮಾಯವಾಗುತ್ತಾನೆ. ಆಟಗಾರರು ಅವನಿಗೆ ಕೊಡುವ ಮರ್ಯಾದೆಯೇನು? ಸರಕು ದುಬಾರಿ ಎಂದು ಬೈದು, ಅವನನ್ನು ಕೊಂದು ಆ ಹಗ್ಗಗಳನ್ನು ತೆಗೆದುಕೊಳ್ಳುತ್ತಾರೆ. ಚಿಂಚೋಳಿ, ಚಿತ್ತಾಪುರದ ತಾಂಡಾಗಳ ಹಿರಿಯರಿಗೆ ಈ ಕಥೆ ಹೊಸದಾಗಿ ಕೇಳಲಾರದು. ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿ ದಖನ್ನಿನ ಉದ್ದಗಲಕ್ಕೂ ಸಾಗಿಸುತ್ತಿದ್ದವರು ಲಂಬಾಣಿಗಳು. ಸೈನ್ಯಗಳು ಅವರ ಹೇರಿನ ಮೇಲೆ ಬದುಕುತ್ತಿದ್ದವು. 1874ರಲ್ಲಿ ವಾಡಿಯಿಂದ ಚಿತ್ತಾಪುರ, ಸೇಡಂ ಹಾದು ಸಿಕಂದರಾಬಾದಿಗೆ ರೈಲು ಬಂತು. ಅಂಥ ಹಳಿಗಳು ಬಂದಲ್ಲೆಲ್ಲ ಹೇರೆತ್ತಿನ ಕೆಲಸ ಕರಗಿತು. ಅದಕ್ಕೆ ಮೂರು ವರ್ಷ ಮೊದಲೇ, 1871ರಲ್ಲಿ, ಬ್ರಿಟಿಷ್ ಸರ್ಕಾರ ತಂದ ಕಾಯ್ದೆ ಅಲೆಮಾರಿ ಸಮುದಾಯಗಳಿಗೆ ಅಪರಾಧಿ ಬುಡಕಟ್ಟು ಎಂಬ ಹಣೆಪಟ್ಟಿ ಹಚ್ಚಲು ಶುರುಮಾಡಿತ್ತು. ಎದ್ದು ಹೋಗಬಲ್ಲವನು ಬೇಕಾಗಿರುವಷ್ಟು ದಿನ ಗೆಳೆಯ. ಅವನ ಅಗತ್ಯ ಮುಗಿದ ಮೇಲೆ ಆ ಎದ್ದು ಹೋಗುವ ಗುಣವೇ ಅವನ ಅಪರಾಧ. ಆದ್ದರಿಂದ ಹೊರಡುವ ಸ್ವಾತಂತ್ರ್ಯದ ಜೊತೆಗೆ ಅದನ್ನು ಕಾಯುವ ಕಾನೂನೂ ಬೇಕು.

ಹಣದ ವಿಷಯವನ್ನೂ ಒಂದು ಮಾತಿನಲ್ಲಿ ಮುಗಿಸುತ್ತೇನೆ. ಆಟದಲ್ಲಿ ಎಲ್ಲ ಹಳ್ಳಿಗೂ ಒಂದೇ ಪಚ್ಚೆ. ಈ ಜಿಲ್ಲೆಯಲ್ಲಿ ಒಂದು ಕಾಲಕ್ಕೆ ನಿಜಾಮರ ಹಾಲಿ ಸಿಕ್ಕಾ, ಬ್ರಿಟಿಷರ ಕಲ್ದಾರ್ ಎರಡೂ ಓಡಾಡುತ್ತಿದ್ದವು. 7 ಹಾಲಿಗೆ 6 ಕಲ್ದಾರ್ ಲೆಕ್ಕ. 1948ರಲ್ಲಿ ನಿಜಾಮರ ಆಳ್ವಿಕೆ ಮುಗಿದರೂ ಅವರ ರೂಪಾಯಿ 1959ರವರೆಗೆ ಚಲಾವಣೆಯಲ್ಲಿತ್ತು. ಏಳನ್ನು ಆರರಿಂದ ಭಾಗಿಸಲು ಬಂದವನು ಗೆದ್ದ, ಬಾರದವನು ಹೇಳಿದಷ್ಟು ತೆಗೆದುಕೊಂಡ.

ಹಾಗಾದರೆ ಮಾಡುವುದೇನು? ಮಾರುಕಟ್ಟೆಯನ್ನು ಪಾರದರ್ಶಕ ಮಾಡಿದರೆ ಎಲ್ಲ ಸರಿಹೋಗುತ್ತದೆಂಬ ನಂಬಿಕೆಯಲ್ಲಿ ಕರ್ನಾಟಕ ದೇಶಕ್ಕಿಂತ ಮುಂದೆ ಹೋಯಿತು. 2014ರಲ್ಲಿ ಇಲ್ಲಿ ಮಾರುಕಟ್ಟೆಗಳನ್ನು ಜೋಡಿಸುವ ಆನ್‌ಲೈನ್ ವೇದಿಕೆ ಬಂತು, 2016ರಲ್ಲಿ ಇ-ನಾಮ್ ಎಂಬ ಕೇಂದ್ರದ ಆನ್‌ಲೈನ್ ಮಾರುಕಟ್ಟೆ. ದನದ ಸಂತೆಯಲ್ಲಿ ವಲ್ಲಿಯ ಕೆಳಗೆ ಬೆರಳು ಹಿಡಿದು ದರ ಕುದುರಿಸುವ ಪದ್ಧತಿ ನೋಡಿದವರಿಗೆ ಪರದೆಯ ಮೇಲೆ ದರ ಕಾಣುವುದು ದೊಡ್ಡ ಸುಧಾರಣೆಯೇ. ನಾನು ಅದನ್ನು ಸ್ವಾಗತಿಸುತ್ತೇನೆ. ಆದರೆ ಟ್ರೇಡಿಂಗ್ ಹಾಲಿನಲ್ಲಿ ದರ ಎಷ್ಟು ಸ್ಪಷ್ಟವಾಗಿ ಕಾಣುತ್ತದೆಂದು ನೆನಪಿಸಿಕೊಳ್ಳಿ. ಆಟದ ಪರದೆಗಿಂತ ಪಾರದರ್ಶಕವಾದ ಮಾರುಕಟ್ಟೆ ಭೂಮಿಯ ಮೇಲಿಲ್ಲ. ಹಳ್ಳಿಗನಿಗೆ ಅದರಿಂದ ನಯಾಪೈಸೆ ಉಪಕಾರವಾಗಿಲ್ಲ.

ರೈತನಿಗೆ ಬೇಕಾದದ್ದು ಮಾರ್ಚ್‌ವರೆಗೆ, ಸಾಧ್ಯವಾದರೆ ಮೇವರೆಗೆ ಕಾಯುವ ಶಕ್ತಿ. ಅದಕ್ಕೆ ಊರಿನ ಹತ್ತಿರದ ಗೋದಾಮು ಬೇಕು, ಗೋದಾಮಿನ ರಸೀದಿಯ ಮೇಲೆ ಅದೇ ವಾರ ಹಣ ಸಿಗಬೇಕು. ಎಪಿಎಂಸಿಗಳ ಅಡಮಾನ ಸಾಲದ ಯೋಜನೆ ಕಾಗದದ ಮೇಲೆ ಇರುವುದೇ ಇದಕ್ಕಾಗಿ. ಬೆಂಬಲ ಬೆಲೆಯನ್ನು ಇನ್ನೂ ಐದುನೂರು ಏರಿಸಿ ಎಂದು ಕೂಗುವ ನಮ್ಮ ಸಂಘಟನೆಗಳು ಅಷ್ಟೇ ದನಿಯಲ್ಲಿ ಗೋದಾಮು ಕೇಳಬೇಕು. ಏರಿದ ಬೆಲೆ ಸಿಗುವುದು ಕಾಯಬಲ್ಲವನಿಗೆ, ಗೋದಾಮಿನ ರಸೀದಿ ಕಾಯಲಾರದವನನ್ನೂ ಕಾಯುವಂತೆ ಮಾಡಬಲ್ಲದು. ಖರೀದಿ ಕೇಂದ್ರ ಫೆಬ್ರುವರಿಯಲ್ಲಿ ತೆರೆಯುವುದಕ್ಕೂ ರಾಶಿಯ ಮುಂಚೆ ತೆರೆಯುವುದಕ್ಕೂ ಇರುವ ವ್ಯತ್ಯಾಸ ಸಣ್ಣದಲ್ಲ.

ಗುಂಡಗುರ್ತಿಯಂಥ ಊರಿನಲ್ಲೂ ಈಗ ಮಕ್ಕಳ ಕೈಯಲ್ಲಿ ಮೊಬೈಲ್ ಇದೆ. ಅವರು ಪರದೆಯ ಮೇಲೆ ಅಡತಿಯವನ ಗಾದಿಯಲ್ಲಿ ಕೂತಿರುತ್ತಾರೆ, ತಂದೆ ಗಂಜಿನಲ್ಲಿ ಹಳ್ಳಿಗನ ಜಾಗದಲ್ಲಿ ನಿಂತಿರುತ್ತಾನೆ. ಆಟ ಬಿಡಿಸಬೇಡಿ. ತೊಗರಿ ಮಾರುವ ದಿನ ಮಗನನ್ನೂ ಮಗಳನ್ನೂ ಜೊತೆಗೆ ಕರೆದೊಯ್ಯಿರಿ, ಲೆಕ್ಕದ ಪಟ್ಟಿಯನ್ನು ಅವರ ಕೈಗೇ ಕೊಡಿ. ಹಮಾಲಿ ಎಷ್ಟು, ತೂಕದಲ್ಲಿ ಕಡಿದ ಸೂಟು ಎಷ್ಟು, ಉದ್ರಿಯ ಬಡ್ಡಿ ಎಷ್ಟು ಎಂದು ಓದಲಿ. ದಲಾಲಿ ಎಂದು ಯಾರ ಲೆಕ್ಕದಲ್ಲಿ ಕಡಿದಿದ್ದಾರೆಂದು ವಿಶೇಷವಾಗಿ ನೋಡಲಿ. ನಮ್ಮ ರಾಜ್ಯದ ನಿಯಮದಂತೆ ಅದನ್ನು ಕೊಡಬೇಕಾದವನು ಕೊಳ್ಳುವವನು, ಮಾರುವ ರೈತನಲ್ಲ.