ಮನೆಯ ಶುಶ್ರೂಷೆಗೂ ಶಿಕ್ಷಣ ಬೇಕು



ಈ ಸಂಚಿಕೆಗಾಗಿ ನಾಲ್ಕು ಮಾತು ಬರೆಯಲು ಕುಳಿತಾಗ ಹಾಜರಿ ಪುಸ್ತಕದೊಳಗಿನ ಒಂದು ಹೆಸರು ನೆನಪಿಗೆ ಬಂದಿತು. ಕೆಲವು ವರುಷಗಳ ಹಿಂದೆ ಒಂಬತ್ತನೆಯ ಇಯತ್ತೆಯ ಆ ಹುಡುಗಿಯು ದೀಪಾವಳಿಯ ಸೂಟಿಯ ತರುವಾಯ ಶಾಲೆಗೆ ಬರಲಿಲ್ಲ. ವಿಚಾರಿಸಲು ಅವಳ ಮನೆಗೆ ಹೋದೆನು. ತಂದೆತಾಯಿಗಳು ದುಡಿಮೆಗಾಗಿ ಗೋವೆಗೆ ಹೋಗಿದ್ದರು. ಅಜ್ಜಿಗೆ ಪಾರ್ಶ್ವವಾಯು ಬಡಿದಿತ್ತು. ಹುಡುಗಿಯು ಮನಃಪೂರ್ವಕವಾಗಿ ಸೇವೆ ಮಾಡುತ್ತಿದ್ದಳು. ಆದರೆ ಹಾಸಿಗೆ ಹಿಡಿದವರ ಮಗ್ಗುಲನ್ನು ಎರಡು ತಾಸಿಗೊಮ್ಮೆಯಾದರೂ ಬದಲಿಸಬೇಕೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಮುದುಕಿಯ ಬೆನ್ನಿನಲ್ಲಿ ಅಂಗೈಯಗಲದ ಹುಣ್ಣಾಗಿತ್ತು. "ನಾನೇನು ತಪ್ಪು ಮಾಡಿದೆ, ಅಕ್ಕೋರೇ?" ಎಂದು ಅವಳು ಕೇಳಿದಳು. ತಪ್ಪು ಅವಳದಲ್ಲ, ಕಲಿಸದಿದ್ದ ನಮ್ಮದು. ಅಜ್ಜಿಯು ತೀರಿಕೊಂಡಳು, ಹುಡುಗಿಯು ಮರಳಿ ಶಾಲೆಗೆ ಬರಲೇ ಇಲ್ಲ.

ಸೇವೆಯು ಹೆಣ್ಣಿನ ಸ್ವಭಾವವು, ಅದಕ್ಕೆ ಕಲಿಕೆಯೇಕೆ ಎಂದು ಅನೇಕರು ತಿಳಿದಿರುವರು. ಆಸ್ಪತ್ರೆಯ ನರ್ಸುಗಳ ವಿಷಯದಲ್ಲಿಯೂ ಜಗತ್ತು ಒಮ್ಮೆ ಹೀಗೆಯೇ ತಿಳಿದಿತ್ತು. ಫ್ಲಾರೆನ್ಸ್ ನೈಟಿಂಗೇಲರು ೧೮೬೦ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಶಾಲೆ ತೆರೆದು ಆ ಭ್ರಮೆಯನ್ನು ಕಳೆದರು. ವೆಲ್ಲೂರಿನಲ್ಲಿ ಐಡಾ ಸ್ಕಡ್ಡರರು ೧೯೦೯ರಲ್ಲಿ ಅಂಥ ಶಾಲೆಯನ್ನು ಆರಂಭಿಸಿದರು. ೧೯೪೭ರಲ್ಲಿ ಭಾರತೀಯ ನರ್ಸಿಂಗ್ ಕೌನ್ಸಿಲಿನ ಕಾಯಿದೆಯಾಯಿತು; ನರ್ಸುಗಳ ಶಿಕ್ಷಣಕ್ಕೆ ದೇಶಕ್ಕೆಲ್ಲ ಒಂದು ಅಳತೆಗೋಲು ದೊರೆಯಿತು. ಆದರೆ ಅದೇ ರೋಗಿಯು ಮನೆಗೆ ಬಂದ ಕೂಡಲೆ ಅವನ ಕೈಹಿಡಿಯುವವಳಿಗೆ ಯಾವ ಅಳತೆಗೋಲೂ ಇಲ್ಲ.

೨೦೧೧ರ ಜನಗಣತಿಯಲ್ಲಿ ನಮ್ಮ ದೇಶದೊಳಗೆ ಅರವತ್ತು ದಾಟಿದವರು ಸುಮಾರು ೧೦.೪ ಕೋಟಿ, ಅಂಗವಿಕಲರು ೨.೬೮ ಕೋಟಿ. ಹುನಗುಂದ ಇಳಕಲ್ಲುಗಳ ಮನೆಗಳಲ್ಲಿ ತರುಣರು ಬೆಂಗಳೂರು ಗೋವೆಗಳಿಗೆ ಹೋಗುವರು. ಮಗ್ಗದ ಕುಣಿಯಲ್ಲಿ ಆಯುಷ್ಯ ಸವೆಸಿದ ಹಿರಿಯರು ಊರಿನಲ್ಲಿ ಉಳಿಯುವರು. ೨೦೧೬ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಸಂಬಳವಿದ್ದು ಸೇವೆ ಮಾಡುವವರನ್ನೂ ಸಂಬಳವಿಲ್ಲದೆ ಮಾಡುವ ಮನೆಯವರನ್ನೂ ಆರೈಕೆದಾರರೆಂದೇ ಕರೆದಿರುವದು, ಇದು ಸ್ತುತ್ಯವು. ಸರಕಾರದ ಕೌಶಲ್ಯ ಶಿಕ್ಷಣದಲ್ಲಿ 'ಹೋಮ್ ಹೆಲ್ತ್ ಏಡ್' ಎಂಬ ಪಾಠಕ್ರಮವೂ ಉಂಟು. ಆದರೆ ಅದನ್ನು ಕಲಿತವಳನ್ನೇ ನೇಮಿಸಬೇಕೆಂಬ ಕಟ್ಟಳೆಯಿಲ್ಲ.

ಇದರ ಫಲವನ್ನು ನಮ್ಮ ಹೆಣ್ಣುಮಕ್ಕಳೇ ಉಣ್ಣುತ್ತಿರುವರು. ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳನ್ನು ಒಂದು ಸಂಸ್ಥೆಯವರು ಎರಡು ದಿನ ಕೂಡ್ರಿಸಿಕೊಂಡು, ಬಿಳಿಯ ಉಡುಪು ತೊಡಿಸಿ, 'ನರ್ಸ್' ಎಂದು ಹೇಳಿ ಬೆಂಗಳೂರಿನ ಮನೆಯೊಂದಕ್ಕೆ ಕಳಿಸಿದರು. ತೂಕದ ವೃದ್ಧರನ್ನು ಎತ್ತುವ ಕ್ರಮವನ್ನರಿಯದೆ ಅವಳು ತನ್ನ ಸೊಂಟವನ್ನೇ ಕೆಡಿಸಿಕೊಂಡು ಮರಳಿದಳು. ಶಿಕ್ಷಣದ ಮಟ್ಟವು ರೋಗಿಯನ್ನಷ್ಟೇ ಅಲ್ಲ, ಸೇವಕಿಯನ್ನೂ ಕಾಯುವದು.

ಆ ಮಟ್ಟವು ಎಂಥದಿರಬೇಕು? ಮಗ್ಗುಲು ಬದಲಿಸುವದು, ಹಾಸಿಗೆಯ ಚಾದರದ ಸಹಾಯದಿಂದ ಇಬ್ಬರು ಸರಿಸುವದು, ಅನ್ನವು ಶ್ವಾಸನಾಳಕ್ಕೆ ಹೋಗದಂತೆ ಕೂಡ್ರಿಸಿ ಉಣಿಸುವದು, ಔಷಧದ ವೇಳೆಯನ್ನು ಬರೆದಿಡುವದು, ಮುಖ ಸೊಟ್ಟಾದರೆ, ಮಾತು ತೊದಲಿದರೆ ತಡಮಾಡದೆ ಆಸ್ಪತ್ರೆಗೆ ಕೊಂಡೊಯ್ಯುವದು. ಇವೆಲ್ಲವನ್ನೂ ನರ್ಸೊಬ್ಬಳ ಎದುರಿಗೆ ಕೈಯಿಂದ ಮಾಡಿ ತೋರಿಸಿದವಳಿಗೆ ಮಾತ್ರ ಸರ್ಟಿಫಿಕೇಟು ಸಲ್ಲತಕ್ಕದ್ದು. ಮುಟ್ಟುವ ಮೊದಲು ಕೇಳುವದೂ, ಅಂಗವಿಕಲನ ಇಚ್ಛೆಯನ್ನು ಮನ್ನಿಸುವದೂ ಪಾಠದಲ್ಲಿಯೇ ಸೇರಿರಬೇಕು. ಸೇವಕಿಗೆ ವಿಶ್ರಾಂತಿಯ ತಾಸು, ಯೋಗ್ಯ ಸಂಬಳಗಳೂ ಗೊತ್ತಾಗಿರಬೇಕು.

ಶಿಕ್ಷಣ ಪಡೆದವಳಿಗೆ ಬಡವರು ಸಂಬಳ ಕೊಡಲಾರರೆಂಬ ಆಕ್ಷೇಪವು ನ್ಯಾಯವಾದುದು. ಅದಕ್ಕೆ ಉಪಾಯವು ಶಿಕ್ಷಣವನ್ನು ಬಿಡುವದಲ್ಲ, ಅದನ್ನು ಮನೆಯವರಿಗೂ ಪುಕ್ಕಟೆಯಾಗಿ ಮುಟ್ಟಿಸುವದು. ಕೇರಳ ಸರಕಾರವು ೨೦೦೮ರಲ್ಲಿ ಉಪಶಾಮಕ ಆರೈಕೆಯ ನೀತಿಯನ್ನು ಗೊತ್ತುಪಡಿಸಿ, ಊರಿನವರನ್ನೇ ಕಲಿಸಿ ಮನೆಮನೆಗೆ ಕಳಿಸುವ ಮಾರ್ಗವನ್ನು ಬಲಪಡಿಸಿತು. ನಮ್ಮಲ್ಲಿಯೂ ಗ್ರಾಮ ಪಂಚಾಯತಿಗಳಲ್ಲಿ ಅಂಗವಿಕಲರಿಗಾಗಿ ಪುನರ್ವಸತಿ ಕಾರ್ಯಕರ್ತರಿರುವರು, ಆಶಾ ಕಾರ್ಯಕರ್ತೆಯರಿರುವರು. ತಾಲೂಕಿನ ಆಸ್ಪತ್ರೆಯು ಇವರನ್ನು ಕೂಡಿಸಿಕೊಂಡು ತಿಂಗಳಿಗೊಂದು ದಿನ ಮನೆಯವರಿಗೆ ಪಾಠ ಹೇಳಲಾರದೇ?

ಪಾಲಕರೇ, ಮನೆಯಲ್ಲಿ ಹಿರಿಯರು ಮಲಗಿದರೆಂದು ಮಗಳನ್ನು ಶಾಲೆಯಿಂದ ಬಿಡಿಸಬೇಡಿರಿ. ಮಗನಿಗೂ ಈ ಸೇವೆಯನ್ನು ಕಲಿಸಿರಿ. ನರ್ಸುಗಳಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರೇ, ಊರಿಗೆ ಬಂದಾಗ ಒಂದು ಶನಿವಾರವನ್ನು ನಮಗೆ ಕೊಡಿರಿ. ಶಾಲೆಯಲ್ಲಿ ಒಂದು ಮಂಚ, ಒಂದು ಚಾದರ, ಕಲಿಯಲು ಬರುವ ತಾಯಂದಿರು, ಇಷ್ಟನ್ನು ನಾನು ಸಿದ್ಧಪಡಿಸುವೆನು. ಆ ಹುಡುಗಿಯು ಕೇಳಿದ ಪ್ರಶ್ನೆಯನ್ನು ಇನ್ನೊಬ್ಬಳು ಕೇಳದಂತಾಗಲಿ.