ಗಾಜಿನ ತೊಟ್ಟಿಯಲ್ಲಿ ಉಳಿದರೆ ಸಾಕೇ?

ಮಕ್ಕಳೇ, ಮಳೆಗಾಲದಲ್ಲಿ ಹೊಂಡದ ನೀರಿನಲ್ಲಿ ಗೊದಮೊಟ್ಟೆಗಳನ್ನು ನೀವು ನೋಡಿರುತ್ತೀರಿ. ಕಾಲು ಮೂಡಿ, ಬಾಲ ಕರಗಿ, ಕಪ್ಪೆಯಾಗಿ ಅವು ದಂಡೆಗೆ ನೆಗೆಯುತ್ತವೆ. ಕಪ್ಪೆಯ ದೂರದ ಬಂಧುವೊಂದು ಮಾತ್ರ ಬೆಳೆದು ಮೊಟ್ಟೆಯಿಟ್ಟರೂ ಮರಿಯಂತೆಯೇ ನೀರಿನಲ್ಲಿ ಇದ್ದುಬಿಡುತ್ತದೆ. ಅದೇ ಆಕ್ಸೊಲಾಟಲ್ ಎಂಬ ಸಾಲಮಾಂಡರ್. ತಲೆಯ ಎರಡೂ ಬದಿಗೆ ಗರಿಗಳಂತೆ ಕಾಣುವುವು ಅದರ ಕಿವಿರುಗಳು. ಕಾಲು ತುಂಡಾದರೆ ಮತ್ತೆ ಪೂರ್ತಿ ಕಾಲು ಬೆಳೆಯುತ್ತದೆ!

ಈ ಗುಣಕ್ಕಾಗಿಯೇ ಜಗತ್ತಿನ ಅನೇಕ ಪ್ರಯೋಗಾಲಯಗಳಲ್ಲಿ ಇದನ್ನು ಸಾಕುತ್ತಾರೆ. ಮನೆಗಳ ಗಾಜಿನ ತೊಟ್ಟಿಗಳಲ್ಲೂ ಸಾವಿರಾರು ಇವೆ. ಹಾಗಾದರೆ ಇದು ಅಳಿಯುವ ಭಯವೇಕೆ ಎಂದು ಕೆಲವರು ಕೇಳುತ್ತಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ.

ಇದರ ನಿಜವಾದ ಮನೆ ಮೆಕ್ಸಿಕೊ ನಗರದ ದಕ್ಷಿಣಕ್ಕಿರುವ ಸೊಚಿಮಿಲ್ಕೊ. ಅಲ್ಲಿನ ರೈತರು ನೂರಾರು ವರ್ಷಗಳ ಹಿಂದೆ ಆಳವಿಲ್ಲದ ಸರೋವರದಲ್ಲಿ ಕೆಸರು, ಜೊಂಡು ಪೇರಿಸಿ ಹೊಲ ಮಾಡಿದರು. ಇವು ಚಿನಾಂಪಾಗಳು. ಹೊಲಗಳ ನಡುವಿನ ತಣ್ಣನೆಯ ಕಾಲುವೆಗಳಲ್ಲಿ ಆಕ್ಸೊಲಾಟಲ್ ಬಾಳಿತು. 1998ರಲ್ಲಿ ಅಲ್ಲಿ ಒಂದು ಚದರ ಕಿಲೋಮೀಟರಿಗೆ ಸುಮಾರು 6,000 ಇದ್ದವು. 2014ರ ಹೊತ್ತಿಗೆ 40ಕ್ಕೂ ಕಡಿಮೆ!

ನಗರದ ಕೊಳಚೆ ಒಂದು ಕಾರಣ. ಇನ್ನೊಂದು ಕಾರಣ ಮೀನು. ಜನರಿಗೆ ಆಹಾರವಾಗಲೆಂದು ತಿಲಾಪಿಯ, ಗೆಂಡೆ ಮೀನುಗಳನ್ನು ಅಲ್ಲಿ ಬಿಟ್ಟರು. ಉದ್ದೇಶ ಒಳ್ಳೆಯದೇ. ಆದರೆ ಆ ಮೀನುಗಳು ಆಕ್ಸೊಲಾಟಲ್‌ನ ಮೊಟ್ಟೆ, ಮರಿಗಳನ್ನು ತಿಂದವು.

ನಮ್ಮ ಕಮಲಾಪುರದ ಕೆಂಪು ಬಾಳೆಯನ್ನು ದೂರದ ಊರಿನ ಕುಂಡದಲ್ಲಿ ನೆಟ್ಟು, ತೋಟಗಳೆಲ್ಲ ಹಾಳಾದರೂ ‘ಬಾಳೆ ಉಳಿಯಿತು’ ಎಂದರೆ ಇಲ್ಲಿನ ರೈತರು ಒಪ್ಪುತ್ತಾರೆಯೇ? ತೊಟ್ಟಿಯ ಆಕ್ಸೊಲಾಟಲ್‌ಗಳ ಕಥೆಯೂ ಹಾಗೆಯೇ. ಕೆಲವೇ ಜೀವಿಗಳ ಸಂತತಿಯಾದ್ದರಿಂದ ಅವು ಒಂದಕ್ಕೊಂದು ಹತ್ತಿರದ ಸಂಬಂಧಿಗಳು. ಒಂದು ರೋಗ ಬಂದರೆ ಎಲ್ಲಕ್ಕೂ ಅಪಾಯ.

ವಿಜ್ಞಾನಿಗಳು ರೈತರ ಜೊತೆ ಸೇರಿ ಕೆಲವು ಕಾಲುವೆಗಳ ಬಾಯಿಗೆ ತಡೆ ಕಟ್ಟಿದ್ದಾರೆ. ಕೊಳೆ, ಮೀನು ಒಳಗೆ ಬರುವುದಿಲ್ಲ. ಸಾಕಿದ 18 ಆಕ್ಸೊಲಾಟಲ್‌ಗಳನ್ನು ಸರಿಪಡಿಸಿದ ನೀರಿನಲ್ಲಿ ಬಿಟ್ಟ ಪ್ರಯೋಗದ ವರದಿ 2025ರಲ್ಲಿ ಪ್ರಕಟವಾಯಿತು. ಗಮನಿಸಿದಷ್ಟು ದಿನ ಎಲ್ಲವೂ ಬದುಕಿದ್ದವು. ಮತ್ತೆ ಸಿಕ್ಕವುಗಳ ತೂಕವೂ ಹೆಚ್ಚಿತ್ತು. ತೊಟ್ಟಿಯಲ್ಲಿ ಹುಟ್ಟಿದರೂ ಬೇಟೆ ಮರೆತಿರಲಿಲ್ಲ ನೋಡಿ!

ಕರ್ನಾಟಕದಲ್ಲಿ ಸಾಲಮಾಂಡರ್ ಇಲ್ಲ. ಆದರೆ ತಿಲಾಪಿಯ ಇದೆ. ನಮ್ಮವರು ಅದನ್ನು ಜಿಲೇಬಿ ಮೀನು ಎನ್ನುತ್ತಾರೆ. 1952ರಲ್ಲಿ ಭಾರತಕ್ಕೆ ತಂದ ಈ ಮೀನು ಇಂದು ಎಷ್ಟೋ ಕೆರೆಗಳಲ್ಲಿದೆ. ನಿಮ್ಮೂರಿನ ಹಳೆಯ ಬಾವಿಗೋ ಹೊಂಡಕ್ಕೋ ಯಾರಾದರೂ ಮೀನು ಬಿಡಲು ಹೊರಟರೆ, ‘ಅಲ್ಲಿ ಈಗ ಏನೇನಿದೆ, ನೋಡಿದ್ದೀರಾ?’ ಎಂದು ಕೇಳಿ. ಅವರಿಗೆ ಗೊತ್ತಿಲ್ಲದಿದ್ದರೆ, ನಿಮ್ಮ ಶಿಕ್ಷಕರ ಜೊತೆ ಹೋಗಿ ನೀವೇ ನೋಡಿ, ಬರೆದುಕೊಂಡು ಬನ್ನಿ.