ನೀರಿಗೆ ನೀರು: ಜತ್ತ, ಅಥಣಿ ರೈತರೇ ಕೂಡಿ ಕೇಳಲಿ

ಸಾಂಗಲಿ: ಇಲ್ಲಿಯ ಮಾರ್ಕೆಟ್ ಯಾರ್ಡಿನಲ್ಲಿ ಅರಿಸಿಣ ಸವಾಲಿಗೆ ಬಿದ್ದಾಗ ಚೀಲ ಅಥಣಿ ಕಡೆಯದೋ, ಮಿರಜ ತಾಲೂಕಿನದೋ ಎಂದು ಯಾರೂ ಕೇಳುವುದಿಲ್ಲ. ಮಾಲು ನೋಡಿ ದರ ಕೂಗುತ್ತಾರೆ. ವಿಜಯಪುರದ ಒಣದ್ರಾಕ್ಷಿಯೂ ತಾಸಗಾಂವ, ಸಾಂಗಲಿ ಪೇಟೆಗೇ ಬರುತ್ತದೆ. ಮಾಲಿಗೆ ಇಲ್ಲದ ಗಡಿ ನೀರಿಗೆ ಮಾತ್ರ ಯಾಕ ಬಂತು ಎಂಬುದು ಈ ಭಾಗದ ರೈತರ ಹಳೇ ತಕರಾರು.

2019ರ ಬೇಸಿಗೆಯನ್ನು ಯಾರೂ ಮರೆತಿಲ್ಲ. ಚಿಕ್ಕೋಡಿ, ಅಥಣಿ, ಜಮಖಂಡಿ ಭಾಗದಲ್ಲಿ ಕೃಷ್ಣಾ ನದಿ ಬತ್ತಿ ದನಕರುಗಳಿಗೂ ನೀರಿಲ್ಲದಂತಾಯಿತು. ಹಿಂದೆ ಕೆಲ ವರ್ಷ ಕರ್ನಾಟಕ ದುಡ್ಡು ಕೊಟ್ಟು ಕೊಯ್ನಾ ನೀರು ಬಿಡಿಸಿಕೊಂಡಿತ್ತು. ಆ ವರ್ಷ ಮಹಾರಾಷ್ಟ್ರ ದುಡ್ಡು ಒಲ್ಲೆ ಎಂದಿತು; ನೀರಿಗೆ ಬದಲು ಜತ್ತ, ಅಕ್ಕಲಕೋಟ ತಾಲೂಕುಗಳಿಗೆ ನೀರು ಕೇಳಿತು. ಪತ್ರಗಳು ಓಡಾಡಿದವು, ನೀರು ಓಡಾಡಲಿಲ್ಲ. ಅದೇ ವರ್ಷದ ಆಗಸ್ಟ್‌ನಲ್ಲಿ ಅದೇ ಕೃಷ್ಣೆ ಸಾಂಗಲಿ ಪೇಟೆಯೊಳಗೆ ನುಗ್ಗಿತ್ತು.

ವಿಚಾರ ಮಾಡಿದರೆ ಮಹಾರಾಷ್ಟ್ರದ ಆ ಬೇಡಿಕೆ ತಪ್ಪೇನಲ್ಲ. ಉಮದಿ, ಸಂಖ, ತಿಕೋಂಡಿ ಕಡೆಯ ಕನ್ನಡ ಮನೆಗಳು ನದಿಯಿಂದ ದೂರ. ಮಿರಜ ತಾಲೂಕಿನ ಮ್ಹೈಸಾಳದಿಂದ ಹಂತಹಂತವಾಗಿ ಪಂಪು ಹೊಡೆದು ನೀರು ಏರಿಸಬೇಕು. ಕರೆಂಟ್ ಬಿಲ್ ಬಾಕಿ ಬಿದ್ದು ಪಂಪು ನಿಂತದ್ದೂ ಉಂಟು. ಉಳಿದ 65 ಹಳ್ಳಿಗಳಿಗೆಂದು ವಿಸ್ತಾರಿತ ಮ್ಹೈಸಾಳ ಯೋಜನೆ ಮಂಜೂರಾಗಿದೆ, ಒಳ್ಳೆಯದೇ. ಆದರೆ ಜಮಖಂಡಿ ತಾಲೂಕಿನ ತುಬಚಿಯಿಂದ ಬಬಲೇಶ್ವರದ ಕಡೆ ಹೋಗುವ ಕರ್ನಾಟಕದ ಏತ ನೀರಾವರಿ ಈ ಹಳ್ಳಿಗಳ ಮಗ್ಗುಲಲ್ಲೇ ಇದೆ. 2022ರ ಕೊನೆಗೆ ಗಡಿ ಗದ್ದಲ ಎದ್ದಾಗ ಆ ನೀರು ತಿಕೋಂಡಿ ಕೆರೆಗೆ ಬಂದಿತ್ತು. ಅಂದರೆ ದಾರಿ ಇದೆ. ರಾಜಕಾರಣ ಬಿಸಿಯಾದಾಗ ಬಂದ ನೀರು, ಜೋಳ ಬಾಡುವಾಗ ಯಾಕೆ ಬರಬಾರದು?

ಇದರಲ್ಲಿ ಯಾರ ಉಪಕಾರವೂ ಇಲ್ಲ. ಜತ್ತದ ಕೆರೆ ತುಂಬಿದರೆ ಹಿಂಗಾರಿ ಜೋಳ, ದನಗಳಿಗೆ ಕಣಕಿ. ಕೊಯ್ನಾ ಬಿಟ್ಟರೆ ಅಥಣಿಯವರಿಗೆ ಬೇಸಿಗೆಯ ಮೇವು, ಕುಡಿಯುವ ನೀರು. ಬಾಂಡ್ ಕಾಗದದ ಮೇಲೆ ಇಷ್ಟು ಟಿಎಂಸಿಗೆ ಇಷ್ಟು, ಇಂಥ ತಿಂಗಳು ಎಂದು ಬರೆದರೆ ಮುಗಿಯಿತು. ಬರೆಸುವವರು ಬೇಕಷ್ಟೆ.

ಮುಂಬೈ, ಬೆಂಗಳೂರಿನ ಸಭೆಗಳಿಗೇ ಬಿಟ್ಟರೆ ಇದು ಆಗದ ಮಾತು. 2023ರ ಸೆಪ್ಟೆಂಬರ್‌ನಲ್ಲಿ ಮಹಾರಾಷ್ಟ್ರ ಸರಕಾರ ಕಬ್ಬು ಹೊರರಾಜ್ಯಕ್ಕೆ ಒಯ್ಯಬಾರದೆಂದು ಆದೇಶ ಹೊರಡಿಸಿ, ರೈತ ಸಂಘಟನೆಗಳು ತಿರುಗಿಬಿದ್ದ ಮೇಲೆ ವಾಪಸು ತೆಗೆದುಕೊಂಡಿತ್ತು. ಕಬ್ಬಿಗೆ ಬಂದ ಒಗ್ಗಟ್ಟು ಜೋಳಕ್ಕೂ ಬರಲಿ. ಮೀರಾಸಾಹೇಬ ದರ್ಗಾದ ಉರುಸಿಗೆ, ಬೀಗರ ಮದುವೆಗೆ ಗಡಿ ದಾಟುವ ಜನಕ್ಕೆ ಒಂದು ಜಂಟಿ ಸಮಿತಿ ಮಾಡುವುದು ಕಷ್ಟವೇನಲ್ಲ. ಎರಡೂ ಭಾಷೆಯಲ್ಲಿ ಒಂದೇ ಅರ್ಜಿ, ಎರಡೂ ಕಡೆಯ ಗ್ರಾಮ ಪಂಚಾಯತಿ ಠರಾವು ಹಚ್ಚಿ ಸಾಂಗಲಿ, ಬೆಳಗಾವಿ, ವಿಜಯಪುರ ಜಿಲ್ಲಾಧಿಕಾರಿಗಳಿಗೆ ಒಂದೇ ದಿನ ಮುಟ್ಟಲಿ. ಅದೂ ನದಿ ಬತ್ತಿದ ಮೇಲೆ ಏಪ್ರಿಲ್‌ನಲ್ಲಿ ಅಲ್ಲ, ದೀಪಾವಳಿ ಮುಗಿದ ವಾರದಲ್ಲೇ.